ಕೌದಿಯ ಕೊನೆಯ ಮೂಲೆ

ಕಣ್ಣು ಬಿಟ್ಟುಕೊಂಡೇ ಕನಸು ಕಾಣುವವರಿಗೆ ಜಗತ್ತಿನಲ್ಲಿ ಬೇಕಾದಷ್ಟು ಕೆಲಸಗಳಿವೆ. ಕುರಿ ಕಾಯಬಹುದು, ದ್ರಾಕ್ಷಿ ತೋಟಕ್ಕೆ ಕಾವಲು ಕೂರಬಹುದು. ನಾನು ಹೋಗಿ ಹೋಗಿ ಪ್ಲಾಸ್ಟಿಕ್ ಸರ್ಜರಿಗೆ ಸೇರಿದೆ. ಎಂಬಿಬಿಎಸ್ ಮುಗಿಸಿ, ಸರ್ಜರಿಯಲ್ಲಿ ಮೂರು ವರ್ಷ ಸವೆಸಿ, ಈಗ ವಿಜಯಪುರದ ಆಸ್ಪತ್ರೆಯೊಂದರಲ್ಲಿ ಮತ್ತೆ ಮೂರು ವರ್ಷದ ತರಬೇತಿ. ತಲೆಯಲ್ಲಿ ಬಿಳಿಕೂದಲು ಇಣುಕಿದರೂ ನಾನಿನ್ನೂ ವಿದ್ಯಾರ್ಥಿನಿ. ತಿಕೋಟಾದ ನೆಂಟರು ಮದುವೆ ಮನೆಯಲ್ಲಿ ಸಿಕ್ಕಾಗಲೆಲ್ಲ, "ನಿನ್ನ ಸಾಲಿ ಇನ್ನೂ ಮುಗಿದಿಲ್ಲೇನವಾ?" ಎಂದು ಮರುಗುತ್ತಾರೆ.

ಸಾಲಿ ಅಂದರೆ ಬಹುಪಾಲು ಕೊಕ್ಕೆ ಹಿಡಿಯುವುದು. ನಮ್ಮ ಸರ್ ಆಪರೇಷನ್ ಮಾಡುವಾಗ ಗಾಯದ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿದು ಗಂಟೆಗಟ್ಟಲೆ ನಿಲ್ಲಬೇಕು. ಕೈ ಅಲ್ಲೇ ಇರುತ್ತದೆ. ಮನಸ್ಸು ಮೆಲ್ಲಗೆ ಭೂತನಾಳದ ಕೆರೆಗೆ ಹೋಗಿ, ನೀರಲ್ಲಿ ಒಂಟಿ ಕಾಲಲ್ಲಿ ನಿಂತ ಬಿಳಿ ಹಕ್ಕಿಯನ್ನು ನೋಡುತ್ತ ಕೂರುತ್ತದೆ. "ಡಾಕ್ಟರ್, ಎಲ್ಲಿದ್ದೀರಿ?" ಎಂದು ಸರ್ ಕೇಳುತ್ತಾರೆ. "ಇಲ್ಲೇ ಅದೀನ್ರಿ ಸರ್" ಎನ್ನುತ್ತೇನೆ. ಒಮ್ಮೆ ಹೊಲಿಯಲು ಕೊಟ್ಟಾಗ ನನ್ನ ಹೊಲಿಗೆಯೂ ನನ್ನಂತೆಯೇ ಅಡ್ಡಾಡಲು ಹೋಗಿತ್ತು. "ಮದಲ ಎಲ್ಲೆರೆ ಹೊಲಿಗಿ ಕಲತು ಬರ್ರಿ" ಎಂದರು.

ಕಲಿಯಲು ಬಿಜ್ಜರಗಿಗೆ ಹೋದೆ. ಅಲ್ಲಿರುವ ನನ್ನ ದೊಡ್ಡವ್ವ ಹಳೇ ಸೀರೆಗಳಿಂದ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಭಾನುವಾರ ಬಂತೆಂದರೆ ಬೇವಿನ ನೆರಳಲ್ಲಿ ಕೌದಿ ಹರಡಿ ಕೂರುತ್ತಿದ್ದೆವು. "ಯವ್ವಾ, ಸೂಜಿ ಕೈಯಾಗ, ಮನಸ್ಸು ಊರಾಗ ಇದ್ರ ಕೌದಿ ಸೊಟ್ಟ ಆಗತೈತಿ" ಎಂದು ಬಿಚ್ಚಿಸಿ ಬಿಚ್ಚಿಸಿ ಹೊಲಿಸಿದಳು. ಅವಳದೊಂದು ಪದ್ಧತಿ: ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡಬೇಕು. "ಹಸದ ಕೌದಿ ಹೊಚ್ಗೊಂಡ್ರ ನಿದ್ದಿ ಹತ್ತೂದಿಲ್ಲ." ಕೊನೆಯ ಮೂಲೆ ಬಂದರೆ ಸಾಕು, ನನ್ನ ಕೈ ತಾನಾಗಿಯೇ ಚಾಚುವಷ್ಟು ಅದು ರೂಢಿಯಾಯಿತು.

ಆಗ ನಮ್ಮ ಆಸ್ಪತ್ರೆಗೆ ಬಂದವರು ನಿಡೋಣಿಯ ಶಾಂತವ್ವ. ಬಬಲೇಶ್ವರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಕೆ. ಕಾದ ಹಂಚಿನ ಮೇಲೆ ಅಂಗೈ ಊರಿ ಬಿದ್ದು, ಸುಟ್ಟ ಗಾಯ ಮಾಯುತ್ತ ಬೆರಳುಗಳು ಮಡಚಿ ಅಂಟಿಕೊಂಡಿದ್ದವು. "ಮತ್ತ ರೊಟ್ಟಿ ಬಡಿಯೂ ಹಂಗ ಆದ್ರ ಸಾಕ್ರಿ" ಎಂದರು. ಸರ್ ಬೆರಳು ಬಿಡಿಸಿ, ತೋಳಿನಿಂದ ತೆಗೆದ ಚರ್ಮವನ್ನು ಅಂಗೈಗೆ ಹೊಂದಿಸಿ, ಸೂಜಿಯನ್ನು ನನ್ನ ಕೈಗಿತ್ತರು. ಮನಸ್ಸು ಕೆರೆಗೆ ಹೋಗಲಿಲ್ಲ, ಬಿಜ್ಜರಗಿಗೆ ಹೋಯಿತು. ಬೇವಿನ ನೆರಳು, ಮೇಕೆಗಳ ಸದ್ದು, ಒಂದರ ಪಕ್ಕ ಒಂದು ಹೊಲಿಗೆ. ಕೊನೆಯ ಮೂಲೆ ಬಂತು. ನಾನು ಕೈ ಚಾಚಿದೆ.

"ರೊಟ್ಟಿ" ಎಂದೆ.

"ಏನ್ರಿ ಮೇಡಂ?" ಎಂದಳು ಸಿಸ್ಟರ್.

"ಒಂದ ಚೂರು ಸಾಕು."

ಸರ್ ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದರು. ಕೈಯಷ್ಟೇ ಮರಗಟ್ಟಿಸಿದ್ದರಿಂದ ಎಚ್ಚರವಾಗಿಯೇ ಇದ್ದ ಶಾಂತವ್ವ ಪರದೆಯಾಚೆಯಿಂದ, "ಪಾಪ, ಮುಂಜಾನಿಂದ ಏನೂ ತಿಂದಿಲ್ಲ ಕಾಣತೈತಿ. ಮದಲ ಉಣ್ಣಾಕ ಕಳಸ್ರಿ, ನನ್ನ ಕೈ ಎಲ್ಲೂ ಓಡಿ ಹೋಗೂದಿಲ್ಲ" ಎಂದರು. ನಾನು ಬೆವರುತ್ತ ಆ ಮೂಲೆಯನ್ನು ಹಸಿದಿದ್ದ ಹಾಗೆಯೇ ಮುಚ್ಚಿದೆ. "ಐದನೇ ದಿನ ಪಟ್ಟಿ ಬಿಚ್ಚೂಣು" ಎಂದರು ಸರ್. "ಚರ್ಮ ಹಿಡದಿದ್ರ ಸೂಜಿ ನಿಮ್ಮದು. ಇಲ್ಲಂದ್ರ ಕೊಕ್ಕಿ."

ಆ ಐದು ದಿನ ನಾನು ಒಂದು ಕನಸೂ ಕಾಣಲಿಲ್ಲ. ನಿಜಕ್ಕೂ ಹೆದರಿದ್ದೆ. ಕೊಕ್ಕೆಯ ಭಯವಲ್ಲ, ಶಾಂತವ್ವನ ಕೈ ಏನಾದೀತೋ ಎಂಬ ಭಯ. ಪಟ್ಟಿ ಬಿಚ್ಚಿದಾಗ ಚರ್ಮ ತಿಳಿಗುಲಾಬಿಯಾಗಿತ್ತು. "ಹಿಡದೈತಿ" ಎಂದರು ಸರ್. ನಾನು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಬೆರಳಿನ ವ್ಯಾಯಾಮ ಎಂದು ತಿಂಗಳುಗಳು ಕಳೆದ ಮೇಲೆ ಶಾಂತವ್ವ ಬಟ್ಟೆಯ ಗಂಟೊಂದನ್ನು ಹಿಡಿದು ಬಂದರು. ಒಳಗೆ ಜೋಳದ ರೊಟ್ಟಿ, ಅದೇ ಕೈಯಿಂದ ಬಡಿದದ್ದು. "ಅವತ್ತ ಕೇಳಿದ್ರೆಲ್ಲಾ, ಸ್ವಲ್ಪ ತಡಾ ಆತ್ರಿ" ಎಂದರು.

ಸರ್ ಒಂದನ್ನೆತ್ತಿ ನನ್ನ ಹೊಲಿಗೆ ನೋಡುವಂತೆಯೇ ಬೆಳಕಿಗೆ ಹಿಡಿದು ನೋಡಿದರು. "ಅಂಚು ನೋಡ್ರಿ ಡಾಕ್ಟರ್, ಎಲ್ಲೂ ಸೊಟ್ಟ ಇಲ್ಲ. ನೀವು ಇನ್ನೂ ಕಲೀಬೇಕು." ನನ್ನ ಬಾಯಿ ತುಂಬ ರೊಟ್ಟಿಯಿತ್ತು, ಮನಸ್ಸು ಆಗಲೇ ಭೂತನಾಳದ ದಂಡೆಯಲ್ಲಿ ಕೂತು ಹಕ್ಕಿಗೂ ಒಂದು ಚೂರು ಹಾಕುತ್ತಿತ್ತು.

"ಡಾಕ್ಟರ್, ಎಲ್ಲಿದ್ದೀರಿ?"