ಕಪ್ಪು ಚೌಕಟ್ಟಿನ ಇಪ್ಪತ್ತಮೂರು ಮಂದಿ

ಮುದ್ರಣಾಲಯ ನಡೆಸುತ್ತಿದ್ದ ಪ್ರೆಸ್ಸಿನವರು ಇಪ್ಪತ್ತೆರಡು ವರ್ಷ ಒಂದು ವಿಷಯವನ್ನು ಗಟ್ಟಿಯಾಗಿ ನಂಬಿದ್ದರು: ಗೂಬೆರಾಯನೆಂಬ ಗಾಯಕನ ತಂಡ ಸೇರಿದವರು ಯಾರೂ ಬದುಕಿ ಉಳಿಯುವುದಿಲ್ಲ.

ನಂಬಿದ್ದಕ್ಕೆ ಅವರನ್ನು ದೂರುವಂತಿಲ್ಲ. ಕಸುಬೇ ಹಾಗೆ ಕಲಿಸಿತ್ತು. ಮದುವೆಯ ಕಾಗದಕ್ಕೆ ಬಂಗಾರದ ಅಂಚು, ಅಂಗಡಿಯ ರಸೀದಿಗೆ ತೆಳುಗೆರೆ, ತೀರಿಕೊಂಡವರ ಹೆಸರಿಗೆ ದಪ್ಪ ಕಪ್ಪು ಚೌಕಟ್ಟು. ಅಪ್ಪನ ಕಾಲದಿಂದ ಆ ಮುದ್ರಣಾಲಯದಲ್ಲಿ ಈ ಕ್ರಮ ತಪ್ಪಿರಲಿಲ್ಲ. ಗೋರಿ, ಬೂದಿ, ತುಕ್ಕು ಹಿಡಿದ ಬಾಗಿಲುಗಳ ಬಗ್ಗೆ ತಾನೇ ಹಾಡು ಕಟ್ಟಿ, ಗಿಟಾರ್ ಹಿಡಿದು ಗೋಳಿಡುವ ಆ ಗಾಯಕ ಮಾತ್ರ ತನ್ನ ಪ್ರತಿ ಆಲ್ಬಮ್ಮಿನ ಹೊದಿಕೆ ಅಚ್ಚು ಹಾಕಿಸಲು ಬಂದಾಗಲೂ 'ಹಿಂದೆ ನುಡಿಸಿದವರು' ಎಂಬ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಇವರಿಗೆ ಕಪ್ಪು ಚೌಕಟ್ಟು ಹಾಕಿ ಎನ್ನುತ್ತಿದ್ದ. ಪಟ್ಟಿ ಪ್ರತಿ ಸಲವೂ ನಾಲ್ಕೈದು ಹೆಸರು ಬೆಳೆದಿರುತ್ತಿತ್ತು. ಪ್ರೆಸ್ಸಿನವರು ಯಂತ್ರ ನಿಲ್ಲಿಸಿ, ತಲೆ ಬಾಗಿಸಿ ಒಂದು ನಿಮಿಷ ಎದ್ದು ನಿಲ್ಲುತ್ತಿದ್ದರು. ಗಾಯಕ ಅದನ್ನು ತನಗೆ ಸಂದ ಗೌರವವೆಂದು ತಿಳಿದು ತಾನೂ ಎದೆಯುಬ್ಬಿಸಿ ನಿಲ್ಲುತ್ತಿದ್ದ.

ಗಿಟಾರ್ ಕಲಿತಿದ್ದ ಬಾಮೈದ ಆ ತಂಡಕ್ಕೆ ಸೇರುತ್ತೇನೆಂದಾಗ ಪ್ರೆಸ್ಸಿನವರು ಬಾಗಿಲಿಗೆ ಅಡ್ಡ ನಿಂತಿದ್ದರು. ಹುಡುಗ ಮುನಿಸಿಕೊಂಡು ವಿಮಾ ಕಂಪನಿ ಸೇರಿದ. ಅಷ್ಟಾದರೂ ಬಚಾವಾದನಲ್ಲ ಎಂದು ಇವರು ಹೆಂಡತಿಯೆದುರು ಆಗಾಗ ಹೇಳಿಕೊಳ್ಳುತ್ತಿದ್ದರು.

ಹೋದ ವರ್ಷ ಕಣ್ಣು ಮಂಜಾಗಿ, ಕನ್ನಡಕದ ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದಾಗ ಬಿಳಿ ಕೋಟಿನವನೊಬ್ಬ ಬಂದು ಕೆಳಗಿನ ಸಾಲು ಓದಿ ಎಂದ. ಮೊದಲ ಆಲ್ಬಮ್ಮಿನ ಹೊದಿಕೆಯಲ್ಲಿ ಡ್ರಮ್ಮಿನ ಹಿಂದೆ ಕುಳಿತಿದ್ದ ಅದೇ ಮುಖ. ತಾವೇ ಕೈಯಾರೆ ಐದು ಸಲ ಚೌಕಟ್ಟು ಕಟ್ಟಿದ್ದ ಮನುಷ್ಯ. ಪ್ರೆಸ್ಸಿನವರಿಗೆ ಮೇಲಿನ ಸಾಲೂ ಕಾಣಲಿಲ್ಲ. ನೀವು ಬದುಕಿದ್ದೀರಾ ಎಂದು ಹೇಗೋ ಕೇಳಿದರು. ಆ ಬ್ಯಾಂಡ್ ಬಿಟ್ಟ ಮೇಲೇ ಬದುಕಿದ್ದು ಎಂದ ಅವನು, ಗಾಜು ಬದಲಾಯಿಸುತ್ತ.

ಇಂದು ಬೆಳಗ್ಗೆ ಅದೇ ಚೌಕಟ್ಟಿನ ಜಗಳ ಗಾಯಕನ ಅಡುಗೆಮನೆಗೆ ಬಂದು ಕುಳಿತಿತ್ತು. ಸಂಜೆ ಆರಕ್ಕೆ ಗೂಬೆರಾಯನ ಮೂವತ್ತನೇ ವರ್ಷದ ಕಾರ್ಯಕ್ರಮ. ಈ ಹೆಸರು ಅಭಿಮಾನಿಗಳು ಅಕ್ಕರೆಯಿಂದ ಕೊಟ್ಟದ್ದು. ಅಭಿಮಾನಿಗಳಲ್ಲದವರೂ ಹಾಗೆಯೇ ಕರೆಯುತ್ತಿದ್ದರು, ಅಕ್ಕರೆಯೊಂದನ್ನು ಬಿಟ್ಟು. ಬಾಗಿಲಲ್ಲಿ ಹಂಚುವ ಪುಸ್ತಿಕೆಯ ಎಂಟು ಪುಟಗಳಲ್ಲಿ ಏಳು ಸಿದ್ಧವಾಗಿದ್ದವು. ಕಪ್ಪು ಚೌಕಟ್ಟಿನೊಳಗೆ ಇಪ್ಪತ್ತಮೂರು ಹೆಸರಿದ್ದ ಮೂರನೆಯ ಪುಟದ ಒಂದು ವಾಕ್ಯಕ್ಕಾಗಿ ಯಂತ್ರ ಕಾಯುತ್ತಿತ್ತು.

ಗಾಯಕ: ಬರ್ಕೊಳ್ಳಿ. 'ಕಲೆಯ ಕರೆಗೆ ಓಗೊಟ್ಟು ಅವರು ತಮ್ಮ ಐದು ತಂಡಗಳನ್ನು ವಿಸರ್ಜಿಸಿದರು.'

ಹೆಂಡತಿ: ಯಾರು?

ಗಾಯಕ: ನಾನು.

ಹೆಂಡತಿ: ನೀವೇನು ರಾಷ್ಟ್ರಪತಿನಾ, ವಿಸರ್ಜಿಸೋಕೆ? ಅವರು ಬಿಟ್ಟು ಹೋದ್ರು ಅಂತ ಬರ್ಸಿ.

ಗಾಯಕ: ನಾನು ತೆಗೆದದ್ದು.

ಹೆಂಡತಿ: ನೋಡಿ, ಹಲ್ಲು ತಾನಾಗೇ ಬಿದ್ದುಹೋದ್ರೆ ನಾನು ಕಿತ್ತೆ ಅಂತ ಯಾವತ್ತೂ ಹೇಳ್ಕೊಂಡಿಲ್ಲ.

ಆಕೆ ಹಲ್ಲಿನ ಡಾಕ್ಟರು. ಕೆಳಗಡೆಯೇ ಕ್ಲಿನಿಕ್ಕು. ಮೇಲಿಂದ ಗಂಡನ ಅಭ್ಯಾಸ ಕೇಳಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯೊಬ್ಬ ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ರಸ್ತೆಗೆ ಓಡಿದ ಮೇಲೆ, ಕ್ಲಿನಿಕ್ಕಿನ ಹೊತ್ತಿನಲ್ಲಿ ಮೇಲೆ ಯಾರೂ ಗೋಳಿಡಕೂಡದೆಂಬ ನಿಯಮವಾಗಿತ್ತು.

ಪ್ರೆಸ್ಸಿನವರು ಪೆನ್ಸಿಲು ಮೇಲೆತ್ತಿ, ಯಾವುದಾದರೂ ಒಂದು ಹೇಳಿದರೆ ಬರೆದುಕೊಂಡು ಹೋಗುತ್ತೇನೆ ಎಂದರು. ಆದರೆ ಗಂಡ ಹೆಂಡಿರಿಬ್ಬರೂ ಆಗಲೇ ಮೊದಲನೇ ತಂಡಕ್ಕೆ ಹೋಗಿಬಿಟ್ಟಿದ್ದರು. ಅವರಲ್ಲಿ ದುಃಖಕ್ಕೆ ಆಳವಿರಲಿಲ್ಲ, ಅದಕ್ಕೇ ತೆಗೆದೆ ಎಂಬುದು ಗಾಯಕನ ವಾದ. ಬಿರುಬೇಸಗೆಯಲ್ಲಿ ಪಾದದವರೆಗಿನ ಉಣ್ಣೆಯ ಕರಿಕೋಟು ತೊಡಿಸಿದಿರಿ, ಡ್ರಮ್ಮಿನವನು ಎರಡು ಸಲ ಮೂರ್ಛೆ ಹೋದ, ಮೂರನೇ ಸಲ ಮನೆಗೆ ಹೋದ ಎಂಬುದು ಡಾಕ್ಟರಮ್ಮನದು. ಎರಡನೇ ತಂಡದ ಕೀಬೋರ್ಡಿನವಳಿಗೆ ಹೆಣ್ಣು ಮಗುವಾದ ಮೇಲೆ ಅವಳ ಬೆರಳುಗಳಲ್ಲಿ ಸಾವು ಉಳಿಯಲಿಲ್ಲವಂತೆ. ವೇದಿಕೆಯ ಮೇಲೆ ಕಂಡೂ ಕಾಣದಂತೆ ಮುಗುಳ್ನಕ್ಕಳಂತೆ, ಅದೂ ಶವಯಾತ್ರೆಯ ಹಾಡಿನ ನಡುವೆ.

ಹೆಂಡತಿ: ಮೂರನೇ ತಂಡ ಹೋದದ್ದು ಹೇಗೆ ಅಂತ ಇವರಿಗೆ ಹೇಳಿ.

ಗಾಯಕ: ಅದು ಪುಸ್ತಿಕೆಗೆ ಬೇಡ.

ಹೆಂಡತಿ: ಹಾಡಿಗೆ ಮುಂಚೆ ಒಂದು ಮಾತು ಹೇಳ್ತೀನಿ ಅಂತ ಜನರ ಕಡೆ ತಿರುಗಿದ್ರು. ಹನ್ನೊಂದು ನಿಮಿಷ. ಶೂನ್ಯದ ಬಗ್ಗೆ. ಮುಗಿಸಿ ಕೈ ಬೀಸಿದ್ರೆ ಸದ್ದೇ ಇಲ್ಲ. ತಿರುಗಿ ನೋಡಿದ್ರೆ ಗಿಟಾರ್ ಒರಗಿಸಿಟ್ಟು ಐದು ಜನಾನೂ ಹೋಗಿದ್ರು.

ಗಾಯಕ: ಆ ಶೂನ್ಯಾನ ಜನ ತುಂಬಾ ಮೆಚ್ಚಿದ್ರು.

ಹೆಂಡತಿ: ಮೆಚ್ಚದೆ ಏನು. ಒಬ್ಬೊಬ್ಬರೇ ತುದಿಗಾಲಲ್ಲಿ ಇಳಿದು ಹೋಗ್ತಿದ್ದದ್ದನ್ನ ಅವರು ನೋಡಿದ್ರಲ್ಲ.

ಹೀಗಿರುವಾಗ ಫ್ರಿಜ್ಜಿನ ಮೇಲಿದ್ದ ಗಾಯಕನ ಫೋನು ಗುನುಗಿತು. ಅವನ ಕೈ ತುಂಬಾ ಹಳೆಯ ಆಲ್ಬಮ್ಮುಗಳ ಹೊದಿಕೆಗಳಿದ್ದುದರಿಂದ ಹೆಂಡತಿಯೇ ಓದಿದಳು. ಸಂಜೆ ನುಡಿಸಬೇಕಿದ್ದ ಆರನೇ ತಂಡದಿಂದ ಬಂದ ಸಂದೇಶ. ತಂಡದ ಹೆಸರು 'ಕೊನೆಯುಸಿರು'. ನಾಲ್ವರಿಗೂ ಪ್ರವಾಸಿ ಹಡಗೊಂದರಲ್ಲಿ ಕುಣಿತದ ಸಂಗೀತ ನುಡಿಸುವ ಕೆಲಸ ಸಿಕ್ಕಿದೆ, ಹಡಗು ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ, ಕ್ಷಮೆಯಿರಲಿ, ತಮ್ಮಿಂದ ಬಹಳ ಕಲಿತೆವು.

ಎಂಟುನೂರು ಕುರ್ಚಿಯ ಸಭಾಂಗಣ, ಒಂದೂ ಖಾಲಿಯಿಲ್ಲ. ಇನ್ನು ಏಳೂವರೆ ಗಂಟೆ ಬಾಕಿ. ಗಾಯಕ ಹೊದಿಕೆಗಳನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕುಳಿತು, ಕಿಟಕಿಯನ್ನು ನೋಡಿದ.

ಗಾಯಕ: ತಿದ್ಕೊಳ್ಳಿ. ಆರು ತಂಡಗಳನ್ನು ವಿಸರ್ಜಿಸಿದರು.

ಪ್ರೆಸ್ಸಿನವರು ಐದನ್ನು ಅಳಿಸಿ ಆರು ಮಾಡಿದರು. ಡಾಕ್ಟರಮ್ಮ ತನ್ನ ಫೋನು ತೆಗೆದುಕೊಂಡು ಮೆಟ್ಟಿಲಿಳಿದಳು. ಅರ್ಧ ಗಂಟೆಯೊಳಗೆ ಬಿಳಿ ಕೋಟಿನ ಜೇಬಿನಲ್ಲಿ ಮೂಗಿನ ಅಳತೆಯ ಪಟ್ಟಿ ಇಟ್ಟುಕೊಂಡೇ ಕನ್ನಡಕದವನು ಮೇಲೆ ಬಂದ. ಇಪ್ಪತ್ತೈದು ವರ್ಷಗಳ ನಂತರ ಆ ಮನೆಗೆ ಬಂದಿದ್ದ. ಗಾಯಕ ಎದ್ದೇಳಲಿಲ್ಲ. ಕಾಲು ಮಾತ್ರ ಒಳಗೆಳೆದುಕೊಂಡ, ಬಂದವನಿಗೆ ದಾರಿಯಾಗಲೆಂದು.

ಕನ್ನಡಕದವನು: ಸಂಜೆಗೆ ಹತ್ತೊಂಬತ್ತು ಜನ ಬರ್ತಾರೆ. ಇಪ್ಪತ್ತಮೂರರಲ್ಲಿ ನಾಲ್ಕು ಜನ ಊರಲ್ಲಿಲ್ಲ.

ಗಾಯಕ: ಯಾವ ಹತ್ತೊಂಬತ್ತು?

ಕನ್ನಡಕದವನು: ನೀನು ಕೊಂದಿದ್ದೀಯಲ್ಲ, ಅವರೇ.

ಗಾಯಕ: ಹಾಡುಗಳು ಮರೆತುಹೋಗಿರುತ್ತೆ ಅವರಿಗೆ. ಒಂದೇ ದಿನದಲ್ಲಿ ಕಲಿಸೋಕಾಗಲ್ಲ.

ಆಗ ಕನ್ನಡಕದವನು ಹೇಳಿದ ಸಂಗತಿ ಡಾಕ್ಟರಮ್ಮನಿಗೆ ಗೊತ್ತಿತ್ತೆಂದು ಆಕೆಯ ಮುಖದಿಂದಲೇ ಪ್ರೆಸ್ಸಿನವರಿಗೆ ತಿಳಿಯಿತು. ಪ್ರತಿ ಭಾನುವಾರ ಅಂಗಡಿ ಮುಚ್ಚಿದಾಗ ಹಿಂದಿನ ಕೋಣೆಯಲ್ಲಿ, ಕಣ್ಣಿನ ಪರೀಕ್ಷೆಯ ಫಲಕಗಳ ನಡುವೆ ಅವರೆಲ್ಲ ಸೇರುತ್ತಾರಂತೆ. ಐದೂ ತಂಡದವರು. ಹದಿನಾಲ್ಕು ವರ್ಷದಿಂದ ತಪ್ಪಿಸಿಲ್ಲವಂತೆ.

ಗಾಯಕ: ಸೇರಿ ಏನ್ಮಾಡ್ತೀರಿ?

ಕನ್ನಡಕದವನು: ನುಡಿಸ್ತೀವಿ.

ಗಾಯಕ: ಯಾರ ಹಾಡು?

ಕನ್ನಡಕದವನು: ಇನ್ಯಾರದು. ನಿಂದೇ.

ಗಾಯಕ ಬಾಯಿ ತೆರೆದವನು ಹಾಗೇ ಇದ್ದ. ಹೆಂಡತಿ ಅಭ್ಯಾಸಬಲದಿಂದ ಒಂದು ಕ್ಷಣ ಒಳಗೆ ಇಣುಕಿದಳು.

ಗಾಯಕ: ನನ್ನ ಬಿಟ್ಟು ಹೋದವರಿಗೆ ನನ್ನ ಹಾಡು ಯಾಕೆ?

ಕನ್ನಡಕದವನು: ಹಾಡನ್ನ ಯಾರು ಬಿಟ್ರು ಮಾರಾಯ? ನಿನ್ನ ಬಿಟ್ಟಿದ್ದು.

ತಾನಾಗಿಯೇ ಬಾಯಿಂದ 'ಬಿಟ್ಟು ಹೋದವರು' ಎಂದು ಬಂದದ್ದು ಗಾಯಕನಿಗೆ ತಡವಾಗಿ ಹೊಳೆಯಿತು. ಹೆಂಡತಿಗೆ ಆಗಲೇ ಹೊಳೆದಿತ್ತು, ಆದರೆ ಆಕೆ ಸಿಂಕಿನ ಕಡೆ ತಿರುಗಿಕೊಂಡಳು. ಗಾಯಕ ದನಿ ತಗ್ಗಿಸಿ, ಹಾಡುವವರು ಯಾರು ಎಂದು ಕೇಳಿದ. ಕೀಬೋರ್ಡಿನವಳ ಮಗಳಂತೆ.

ಗಾಯಕ: ಶವಯಾತ್ರೆಯದ್ದೂ ಹಾಡ್ತಾಳಾ?

ಕನ್ನಡಕದವನು: ಮೊದಲು ಅದನ್ನೇ ಹಾಡೋದು. ನಗ್ತಾನೇ ಹಾಡ್ತಾಳೆ.

ಗಾಯಕ: ಕೆಟ್ಟದಾಗಿರುತ್ತೆ, ಅಲ್ವಾ?

ಕನ್ನಡಕದವನು: ಅಳು ಬರುತ್ತೆ. ಅದೇ ಗೋಳು.

ಗಾಯಕ ಮೇಜಿನ ಮೇಲಿನ ಮೊದಲ ಆಲ್ಬಮ್ಮಿನ ಹೊದಿಕೆಯನ್ನು ತಿರುಗಿಸಿ ಹಾಕಿದ, ಮತ್ತೆ ಮೇಲೆ ಮಾಡಿದ. ಕನ್ನಡಕದವನು ತನ್ನ ಷರತ್ತು ಹೇಳಿದ. ಒಂದು, ಚೌಕಟ್ಟು ತೆಗೆಯಬೇಕು. ಕನ್ನಡಕದವನ ಹೆಂಡತಿಯ ಕಡೆಯ ಅಜ್ಜಿಯೊಬ್ಬರು ಹೊದಿಕೆ ನೋಡಿ, ಅವನು ತೀರಿಕೊಂಡನೆಂದು ಮನೆಗೆ ಹೂವು ಕಳಿಸಿದ್ದರಂತೆ. ಎರಡು, ನಾವು ಹೊರಟು ಬಂದೆವು, ಅವನು ಕಳಿಸಿದ್ದಲ್ಲ ಎಂಬುದು ಅಚ್ಚಿನಲ್ಲಿ ಬರಬೇಕು, ಎಂಟುನೂರು ಪ್ರತಿಯಲ್ಲೂ. ಹತ್ತೊಂಬತ್ತು ಜನ ಒಟ್ಟಿಗೆ ಒಪ್ಪಿದ ಮಾತು ಇದು. ಇಲ್ಲವಾದರೆ ಸಂಜೆ ಅಂಗಡಿಯಲ್ಲಿ ಕೆಲಸವಿದೆ.

ಮೂವತ್ತು ವರ್ಷ ಸಂದರ್ಶನಗಳಲ್ಲಿ ಹೇಳಿಕೊಂಡು ಬಂದದ್ದನ್ನು ಒಂದು ವಾಕ್ಯದಲ್ಲಿ ನುಂಗುವುದು ಯಾರಿಗೂ ಸುಲಭವಲ್ಲ. ಗಾಯಕ ಎದ್ದು ಎರಡು ಸಲ ಫ್ರಿಜ್ಜಿನವರೆಗೆ ಹೋಗಿ ಬಂದ. ಮೂರನೇ ಸಲ ಅದರ ಬಾಗಿಲು ತೆರೆದು, ಒಳಗೇನೂ ತೆಗೆದುಕೊಳ್ಳದೆ ಮುಚ್ಚಿದ.

ಗಾಯಕ: 'ಪರಸ್ಪರ ಒಪ್ಪಿಗೆಯಿಂದ ಅಗಲಿದರು' ಅಂದ್ರೆ?

ಹೆಂಡತಿ: ನಿಮ್ಮನ್ನ ಯಾರು ಕೇಳಿದ್ರು ಒಪ್ಪಿಗೆ? ನೀವು ಶೂನ್ಯದ ಬಗ್ಗೆ ಮಾತಾಡ್ತಾ ಇದ್ರಿ.

ಗಾಯಕ: ಸರಿ. ಬರ್ಕೊಳ್ಳಿ. 'ಇವರೆಲ್ಲ ನನ್ನನ್ನು ಬಿಟ್ಟು ಹೋದರು.'

ಕನ್ನಡಕದವನು: ಯಾಕೆ ಅಂತಾನೂ ಇರ್ಲಿ.

ಗಾಯಕ: 'ಅವರವರ ಕಾರಣಕ್ಕೆ.'

ಪ್ರೆಸ್ಸಿನವರ ಪೆನ್ಸಿಲು ಏಕೋ ಕಾಗದಕ್ಕೆ ಇಳಿಯಲಿಲ್ಲ. ಗಾಯಕ ಮೂವರನ್ನೂ ನೋಡಿದ.

ಗಾಯಕ: 'ನನ್ನ ಕಾರಣಕ್ಕೆ.' ಆಯ್ತಾ?

ಕನ್ನಡಕದವನು ತಲೆಯಾಡಿಸಿ, ಫೋನು ತೆಗೆದು ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸತೊಡಗಿದ. ಹಾಂ, ಬರೆಸಿದ. ಹಾಂ, ಅವನ ಬಾಯಿಂದಲೇ. ಇಲ್ಲ, ಕೋಟು ಹಾಕ್ಕೊಳ್ಳೋದು ಬೇಡ. ಗಾಯಕ ಅದನ್ನೆಲ್ಲ ಕೇಳಿಸಿಕೊಳ್ಳುತ್ತ, ಕೀಬೋರ್ಡಿನವಳ ಮಗಳನ್ನೂ ಕರೆತರಲು ಹೇಳು ಎಂದು ಗೋಡೆಗೆ ಹೇಳಿದ.

ಪ್ರೆಸ್ಸಿನವರು ಪುಟದ ಕರಡನ್ನು ಮೇಜಿನ ಮೇಲೆ ಹರಡಿ ಚೌಕಟ್ಟಿನ ಮೇಲೆ ಗೀಟು ಹಾಕಿದರು. ಹಾಕಿದ ಕೂಡಲೇ ಅವರಿಗೆ ಬೇರೆ ಸಂಕಟ ಹತ್ತಿಕೊಂಡಿತು. ಆ ದಪ್ಪ ಅಂಚು ಹೋದರೆ ಪುಟದ ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಬೀಳುತ್ತಿತ್ತು. ಖಾಲಿ ಬಿಟ್ಟ ಜಾಗ ಅವರ ಕಣ್ಣಿಗೆ ಅಂಗಿಯ ಗುಂಡಿ ಉದುರಿದಂತೆ ಕಾಣುತ್ತಿತ್ತು. ಒಂದು ಪ್ರಶ್ನೆ, ಒಂದು ಉತ್ತರ ಇದ್ದರೆ ಸರಿಹೋದೀತೆಂದು ಅವರು ಗಂಟಲು ಸರಿಪಡಿಸಿಕೊಂಡು, ಪತ್ರಿಕೆಯವರ ಧಾಟಿಯಲ್ಲಿ ಕೇಳಿದರು: ಮೂವತ್ತು ವರ್ಷ ತಾವು ಒಂಟಿತನವನ್ನೇ ಹಾಡಿದ್ದೀರಿ. ಒಬ್ಬರೇ ಗಿಟಾರ್ ಹಿಡಿದು ಹಾಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಇಷ್ಟೊಂದು ಜನ ಯಾಕೆ ಬೇಕಾಯಿತು?

ಬಸ್ಸಿಗೆ ಚಕ್ರ ಯಾಕೆ ಎಂದು ಕೇಳಿದವರನ್ನು ನೋಡುವಂತೆ ಡಾಕ್ಟರಮ್ಮ ಅವರನ್ನು ನೋಡಿದಳು. ಕನ್ನಡಕದವನು ಫೋನಿಗೆ ಕೈ ಅಡ್ಡ ಹಿಡಿದು ಈ ಕಡೆ ತಿರುಗಿದ. ಗಾಯಕ ಮಾತ್ರ ಯೋಚಿಸಲೂ ಇಲ್ಲ.

ಗಾಯಕ: ಹಾಡು ಶುರುವಾದ ತಕ್ಷಣ ಲೈಟ್ ಆರಿಸಿಬಿಡ್ತಾರಲ್ರೀ. ಒಬ್ಬನೇ ಇದ್ರೆ ಭಯ ಆಗುತ್ತೆ.