ದೊಡ್ಡ ದನೀಲೆ ಓದು, ಆಮ್ಯಾಲೆ ಕೈ ಮುಗಿ

ನಗುವನ್ನು ಹುಡುಕಿಕೊಂಡು ಹೋಗುವ ಕಷ್ಟವನ್ನು ಶಿವ ನನಗೆ ಕೊಟ್ಟಿಲ್ಲ. ದಿನಾ ಬೆಳಿಗ್ಗೆ ಅದು ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತ ತಾನಾಗಿಯೇ ನಮ್ಮ ಹೊಸ್ತಿಲು ದಾಟಿ ಬರುತ್ತದೆ.

ನಾಗನೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಓದು ಕಲಿಸುತ್ತೇನೆ. ನೇಮ ಎರಡೇ. ಅಕ್ಷರ ಶಿವನ ಉಸಿರು, ಅದನ್ನು ತುಳಿಯಬಾರದು. ಕಣ್ಣಿಗೆ ಬಿದ್ದ ಅಕ್ಷರವನ್ನು ದೊಡ್ಡ ದನಿಯಲ್ಲಿ ಕೊನೆಯವರೆಗೂ ಓದಬೇಕು, ಓದಿ ಕೈ ಮುಗಿಯಬೇಕು.

ಇದರಿಂದ ಊರಿಗಾದ ಉಪದ್ರವ ಹೇಳುವ ಮೊದಲು ನನ್ನ ಹೆದರಿಕೆಯೊಂದನ್ನು ಹೇಳಬೇಕು. ಊರಿನ ಹಿರಿಯರೊಬ್ಬರು, ಬಿಳಿ ಧೋತರ, ರುಮಾಲು, ಹಣೆ ತುಂಬ ವಿಭೂತಿ, ಸೊಸೆಯ ಹಟಕ್ಕೆ ಸೋತು ಮೊಮ್ಮಗಳನ್ನು ಕರೆತಂದಿದ್ದರು.

"ಅಕ್ಕೋರ, ಹಲ್ಲು ಗಟ್ಟಿ ಆಗದ ಕೂಸಿಗೆ ಓದೇನ್ರಿ? ಯುಗಾದಿ ಮಟಾ ನೋಡ್ತೇನಿ. ಈಕಿ ಬಾಯಾಗ ಒಂದ ಅಕ್ಷರ ಕೇಳಲಿಲ್ಲಂದ್ರ ಬಿಡಸ್ತೇನಿ."

ಅವಳೋ, ಮನೆ ಬಿಟ್ಟರೆ ಬಾಯಿಯೇ ತೆರೆಯದ ಹುಡುಗಿ. ಬೆರಳು ಅಕ್ಷರದ ಮೇಲೆ ಓಡುತ್ತಿತ್ತು, ತುಟಿ ಅಲುಗುತ್ತಿರಲಿಲ್ಲ. ಅಜ್ಜ ಬಿಡಿಸಿದರೆ ಇಡೀ ಓಣಿ ಬಿಡಿಸುತ್ತದೆ. ನಾನು ದಿನಾ ಲಿಂಗಪೂಜೆಯಲ್ಲಿ, "ತಂದೇ, ಆ ಬಾಯಿಯ ಚಿಲಕ ನೀನೇ ತೆಗೆ" ಎಂದು ಬೇಡುತ್ತಿದ್ದೆ.

ಮಾವನ ಜಿಗಿತ

ಒಂದು ದಿನ ಒಬ್ಬ ತಾಯಿ ಸೆರಗು ಸಿಕ್ಕಿಸಿಕೊಂಡೇ ಬಂದಳು. "ಅಕ್ಕೋರ, ನಮ್ಮ ಹುಡುಗಗ ಏನ ಕಲಿಸೀರಿ? ಮನಿಯೊಳಗ ಯಾರನ್ನೂ ಬಿಡವಲ್ಲ!"

ವಿಷಯ ಇಷ್ಟೇ. ಅವರ ಬಾಗಿಲ ಮುಂದಿನ ಕಾಲೊರಸಿನ ಮೇಲೆ 'ಸುಸ್ವಾಗತ' ಎಂದು ಬರೆದಿತ್ತು. ಹುಡುಗ ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತುಬಿಟ್ಟಿದ್ದ. ಒಳಗೆ ಬರುವವರು ಜಿಗಿದೇ ಬರಬೇಕು. ಅವತ್ತೇ ಹುಕ್ಕೇರಿಯಿಂದ ಅವನ ಸೋದರಮಾವ ಬಂದಿದ್ದಾನೆ. ಆನೆಮರಿಯಂಥ ಆಳು, ಎರಡೂ ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಜಿಗೀಲಿಲ್ಲಂದ್ರ ಪಾಪ ಬರತೈತಿ ಮಾಮಾ" ಎಂದನಂತೆ ಹುಡುಗ. ಮಾವ ಜಿಗಿದ. ಅವನಿಗೇನೂ ಆಗಲಿಲ್ಲ, ಬಾಳೆಹಣ್ಣಿಗೆ ಆಯಿತು.

"ಹಂಗಾರ ಆ ಕಾಲೊರಸು ತಗದ್ರಿ?" ಎಂದೆ.

"ತಗದೇವ್ರಿ. ದೇವರ ಜಗಲಿ ಬಾಜೂಕ ಗ್ವಾಡಿಗೆ ಹಾಕೇವಿ. ನಮ್ಮತ್ತಿ ದಿನಾ ಅದಕ್ಕೂ ಒಂದ ಹೂವು ಏರಸ್ತಾರ."

ಮೊದಲು ಝ

ಮೂಡಲಗಿಯಲ್ಲಿ ಬೇಕರಿ ಇಟ್ಟಿರುವ ಮುಸ್ಲಿಂ ಕಾಕಾ ಒಬ್ಬರ ಮಗ ನಮ್ಮಲ್ಲಿಗೆ ಬರುತ್ತಾನೆ. ಅವರೊಮ್ಮೆ, "ಅಕ್ಕೋರ, ನೀವು ದೇವರ ಕೆಲಸ ಮಾಡಾಕತ್ತೀರಿ, ನಂದೂ ಒಂದ ಪಾಲು ಇರಲಿ" ಎಂದು ಅಕ್ಷರದ ಆಕಾರದ ಬಿಸ್ಕಿಟ್ ಸುಟ್ಟು ಕಳಿಸಿದರು. ಆ ಪುಣ್ಯಾತ್ಮ ಇವತ್ತಿಗೂ ವಾರಕ್ಕೊಂದು ಡಬ್ಬಿ ಕಳಿಸುತ್ತಾರೆ. ಗುರುತಿಸಿ ಓದಿದ ಅಕ್ಷರ ಓದಿದವರಿಗೆ. ಎಲ್ಲರೂ ತಿಂದರು. ಆ ಮೂಕಿ ಹುಡುಗಿ ಮಾತ್ರ ಓದಲೂ ಇಲ್ಲ, ತಿನ್ನಲೂ ಇಲ್ಲ. ಸುಮ್ಮನೆ ನೋಡುತ್ತ ಕೂತಳು. ನಾನೇ ಒಂದನ್ನು ಅವಳ ಮಡಿಲಿಗೆ ಹಾಕಿದೆ.

ಒಂದು ದಿನ ಗೋಕಾಕದಿಂದ ನಿವೃತ್ತ ಮಾಸ್ತರರೊಬ್ಬರು ನೋಡಲು ಬಂದರು. ಬೇಕರಿಯವರ ಮಗ ಎಲ್ಲರಿಗಿಂತ ಮುಂದೆ ಓಡಿ 'ಝ' ಎತ್ತಿ ಓದಿದ. ಮಾಸ್ತರರು ಬೆರಗಾದರು. "ಅ, ಆ ಬಿಟ್ಟು ಸೀದಾ ಝ! ಈ ಪದ್ಧತಿಯ ಒಳಗುಟ್ಟು ಏನ್ರಿ ಅಕ್ಕೋರ?"

ನನಗೂ ಗೊತ್ತಿರಲಿಲ್ಲ. ಹುಡುಗನೇ ಹೇಳಿದ, ಬಾಯಿ ತುಂಬ ಇಟ್ಟುಕೊಂಡೇ: "ಅದ ಎಲ್ಲಾಕಿಂತ ದೊಡ್ಡ ಬಿಸ್ಕಿಟ್ ಐತ್ರಿ."

ಹತ್ತರಗಿಯ ಗೋಡೆ

ಶಿವರಾತ್ರಿ ಕಳೆಯಿತು. ಯುಗಾದಿ ಹತ್ತಿರ ಬಂತು. ಹುಡುಗಿಯ ಬಾಯಿ ತೆರೆಯಲಿಲ್ಲ. "ಅಕ್ಕೋರ, ಇನ್ನ ಭಾಳ ದಿನ ಇಲ್ಲ" ಎಂದು ಅಜ್ಜ ನೆನಪಿಸಿ ಹೋದರು.

ಅಷ್ಟರಲ್ಲಿ ಹತ್ತರಗಿಯಲ್ಲಿ ಒಂದು ಮದುವೆ. ನಮ್ಮೂರಿನವರೆಲ್ಲ ಮಕ್ಕಳ ಸಮೇತ ಒಂದು ಬಸ್ಸು ಮಾಡಿಕೊಂಡು ಹೊರಟೆವು. ಹೆದ್ದಾರಿಯ ಬದಿ ಬಸ್ಸು ನಿಂತಿತು. ಅಜ್ಜ ಮೊಮ್ಮಗಳನ್ನು ಕಿಟಕಿಯ ಹತ್ತಿರ ಕೂರಿಸಿ ಇಳಿದು ಹೋದರು. ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದೆ.

ಆಗ ಕೇಳಿತು, ಗುಬ್ಬಿಯಂಥ ದನಿ. "ಇ... ಲ್ಲಿ..."

ಕಣ್ಣು ತೆರೆದೆ. ಅವಳೇ! ಕಿಟಕಿಯ ಸರಳು ಹಿಡಿದು ಎದುರಿನ ಗೋಡೆ ಓದುತ್ತಿದ್ದಾಳೆ. ನನ್ನ ಕಣ್ಣಲ್ಲಿ ನೀರು ತುಂಬಿ ಗೋಡೆಯೂ ಕಾಣಲಿಲ್ಲ, ಗೋಡೆಯ ಮುಂದೆ ನಿಂತವರೂ ಕಾಣಲಿಲ್ಲ.

"ಭೇಷ್ ನನ್ನವ್ವಾ! ಮುಂದ ಓದು!"

"ಮೂ..."

"ದೊಡ್ಡ ದನೀಲೆ!"

"ಮೂತ್ರ!"

ನಾನು ಕಣ್ಣೊರೆಸಿಕೊಂಡು ನೋಡಿದೆ. ಬಿಳಿ ಧೋತರ. ರುಮಾಲು. ನಮ್ಮ ಕಡೆ ಬೆನ್ನು.

"ಸಾಕವ್ವಾ, ಸಾಕ" ಎಂದೆ. ಆದರೆ ಕೊನೆಯವರೆಗೂ ಓದಬೇಕೆಂದು ಕಲಿಸಿದವಳು ನಾನೇ ಅಲ್ಲವೇ! "ಮಾ... ಡ... ಬಾ... ರ... ದು!" ಎಂದು ಮುಗಿಸಿಯೇ ಬಿಟ್ಟಳು. ಅಜ್ಜ ಪಾಪ, ಮುಂದುವರಿಯುವಂತಿಲ್ಲ, ತಿರುಗುವಂತಿಲ್ಲ, ಕಲ್ಲಾಗಿ ನಿಂತರು.

ಓದಿ ಮುಗಿಯಿತಲ್ಲ, ಅವಳು ಕೈ ಮುಗಿದಳು. ಅವಳನ್ನು ನೋಡಿ ಉಳಿದ ಮಕ್ಕಳೂ. ಬಸ್ಸಿನ ಕಿಟಕಿ ಕಿಟಕಿಯಿಂದ ಸಣ್ಣ ಸಣ್ಣ ಕೈಗಳು ಹೊರಬಂದು ಅಜ್ಜನ ಬೆನ್ನಿಗೆ ಭಕ್ತಿಯಿಂದ ಮುಗಿದವು.

ಮದುವೆ ಮುಗಿಸಿ ಊರಿಗೆ ಬಂದೆವು. ಮರುದಿನ ಬೆಳಿಗ್ಗೆ ಅಜ್ಜ ಮೊಮ್ಮಗಳ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದರು. ಬಾಯಿಯ ಚಿಲಕ ತೆಗೆ ಎಂದು ಬೇಡಿದ್ದೆ, ಎಲ್ಲಿ ತೆಗೆಯಬೇಕೆಂದು ಶಿವನಿಗೆ ಹೇಳಿರಲಿಲ್ಲ.

"ಅಕ್ಕೋರ, ಕೊಟ್ಟ ಮಾತು ಮಾತ. ಕೂಸಿಗೆ ಬಾಯಿ ಬಂತು. ಬಿಡಸಂಗಿಲ್ಲ."

ನಾನು ಕೈ ಮುಗಿದೆ, ಅವರಿಗೂ, ಅವರ ಹಿಂದಿದ್ದ ಶಿವನಿಗೂ. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಓಡಿದಳು. ಅಜ್ಜ ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಒಂದ ಉಪಕಾರ ಮಾಡ್ರಿ. ಮನಸಿನ್ಯಾಗ ಓದೂದನ್ನೂ ಲಗೂನ ಕಲಿಸ್ರಿ."