ನನಗೆ ಚಿರಶಾಂತಿ ಕೊಟ್ಟ ಚಿತ್ರಕಾರರಿಗೆ

ಅಕ್ಕಿಆಲೂರಿನ ಗೊಬ್ಬರದ ಅಂಗಡಿಯಲ್ಲಿ ಕುಳಿತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಡಕಂಡವರ ಮುಖ ಬರೆದು ಮೊಬೈಲಿಗೆ ಬಿಡುವ ಶ್ರೀ ಸಂಜಯ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹಾನಗಲ್ಲ ತಾಲ್ಲೂಕಿನ ಒಬ್ಬ ಮುದುಕಿ, ಇನ್ನೂ ಬದುಕಿಯೇ ಇರುವ ಮುದುಕಿ, ಮಾದೇವಿ ಮಾಡುವ ಶರಣು ಶರಣಾರ್ಥಿ. ತಾವೂ ತಮ್ಮ ಪೆನ್ಸಿಲ್ಲೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮ. ಇಷ್ಟು ಸಣ್ಣ ಸಂಗತಿಯನ್ನು ಪತ್ರ ಬರೆದು, ಮೊಮ್ಮಗಳು ಪೂಜಾಳ ಕೈಯಿಂದ ಮೊಬೈಲಿಗೆ ಬಿಡಿಸಿ, ನಾಲ್ಕೂರಿಗೆ ಸಾರಬೇಕಾಗಿ ಬಂದದ್ದು ತಮ್ಮ ಕೃಪೆ.

ಮೊದಲು ತಮ್ಮ ಕೈಯನ್ನು ಹೊಗಳದಿದ್ದರೆ ಪಾಪ ಬಂದೀತು. ಚಹಾದ ಅಂಗಡಿಯ ದಿಲಾವರನನ್ನು ತಾವು ಎಷ್ಟು ಹುಬೇಹೂಬು ಬರೆದಿರೆಂದರೆ, ತನ್ನ ಮುರಿದ ಹಲ್ಲನ್ನು ಊರೆಲ್ಲ ನೋಡಿತೆಂದು ಅವನು ಅಂದಿನಿಂದ ನಗುವುದನ್ನೇ ಬಿಟ್ಟಿದ್ದಾನೆ. ನನ್ನ ಸೆರಗಿನ ತೂತನ್ನು ನಾನು ಒಳಗೆ ಮಡಚಿಕೊಂಡು ಕುಳಿತಿದ್ದೆ. ಅದನ್ನೂ ಹುಡುಕಿ ಹೊರಗೆ ತೆಗೆದ ತಮ್ಮ ಕಣ್ಣಿಗೆ ದೃಷ್ಟಿ ತಾಗದಿರಲಿ.

ಆದರೆ ಮಾನ್ಯರೇ, ಬಾಯಿ? ಸಂತೆಯಲ್ಲಿ ಮೆಂತ್ಯೆಪಲ್ಲೆ ಹರಡಿಕೊಂಡು, ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಬಾಯಿ ತೆರೆದೇ ಕೂರುವ ಹೆಂಗಸು ನಾನು. ಆಗಷ್ಟೇ ಎಲೆ ಅಡಿಕೆ ಹಾಕಿಕೊಂಡು, ಉಗುಳಲು ಜಾಗ ಹುಡುಕುತ್ತ, ಬಾಯಿ ಮುಚ್ಚಿ ಕಣ್ಣು ತಗ್ಗಿಸಿದ ಆ ಒಂದು ಗಳಿಗೆಯೇ ತಮಗೆ ಸಿಗಬೇಕೆ? ಅದನ್ನು ಕರಿ ಪೆನ್ಸಿಲ್ಲಿನಲ್ಲಿ ಬರೆದು, ಸುತ್ತ ಕರಿ ಗೆರೆ ಎಳೆದು, ಕೆಳಗೆ ‘ಸಂತೆಯ ಅಜ್ಜಿ: ಚಿರಶಾಂತಿ’ ಎಂದು ಹಾಕಿದಿರಿ. ಶಾಂತಿ ಎಂದಿದ್ದರೆ ನಡೆಯುತ್ತಿತ್ತು. ಮಂದಿ ನಕ್ಕು ಬಿಡುತ್ತಿದ್ದರು. ಆ ‘ಚಿರ’ ಎಂಬುದನ್ನು ನಮ್ಮ ಕಡೆ ಯಾರ ಹೆಸರಿನ ಕೆಳಗೆ ಬರೆಯುತ್ತಾರೆಂದು ಒಂದು ಮಾತು ಯಾರನ್ನಾದರೂ ಕೇಳಬಾರದಿತ್ತೆ?

“ಆಯೀ, ನೋಡಬೇ, ಎಷ್ಟ್ ಮಂದಿ ಕೈ ಮುಗದಾರ ನಿನಗ!” ಎಂದು ಪೂಜಾ ಮೊಬೈಲು ತೋರಿಸಿದಳು. ಸತ್ತೆನೆಂದು ಮುಗಿದರೋ, ಬಾಯಿ ನಿಂತಿತೆಂದು ಮುಗಿದರೋ, ಅವರನ್ನೇ ಕೇಳಬೇಕು. ಪಕ್ಕದ ಮನೆಯ ಹುಸೇನಬಿ ಓಡಿ ಬಂದವಳು ನನ್ನನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡು, “ಯವ್ವಾ, ಬಾಯಿ ಮುಚ್ಚೇತಿ ಅಂದಕೂಡ್ಲೇ ಖರೇನ ಹ್ವಾದ್ಲು ಅಂತ ತಿಳದ್ನಿ!” ಎಂದಳು. ಇಂಥ ನೆರೆಯವರನ್ನು ಪಡೆದದ್ದೂ ಪುಣ್ಯವೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಪತ್ರಕ್ಕೆ ಕೈ ಹಚ್ಚುತ್ತಿರಲಿಲ್ಲ. ಚಿತ್ರ ಚಿಕ್ಕೇರೂರಿಗೆ ಹೋಯಿತು. ಅಲ್ಲಿರುವ ನನ್ನ ತಂಗಿ ಸುಶೀಲವ್ವ ನನ್ನೊಡನೆ ಮಾತು ಬಿಟ್ಟವಳು. ಅವಳ ಮೊಮ್ಮಗನ ಮದುವೆಯಲ್ಲಿ ಅವಳು ಮಾಡಿದ ಹೋಳಿಗೆಯನ್ನು ನಾನು ಎಮ್ಮೆಗೆ ಹೋಲಿಸಿ ಏನೋ ಅಂದಿದ್ದೆ. ಬಿಡಿ, ಮಾತು ಸ್ವಲ್ಪ ದೊಡ್ಡದಿತ್ತು. ಅಂಥವಳು ಚಿತ್ರ ಕಂಡದ್ದೇ ತಡ, ಬಸ್ಸು ಹತ್ತಿ ಬಂದಳು.

ಸತ್ತವರನ್ನು ನಮ್ಮವರು ಮಲಗಿಸುವುದಿಲ್ಲವೆಂದು ತಮಗೂ ಗೊತ್ತು. ಮೀಯಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಆ ದಿನ ನಾನು ಮಿಂದು, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಕಟ್ಟೆಯ ಮೇಲೆ ಗೋಡೆಗೆ ಒರಗಿ ತೂಕಡಿಸುತ್ತಿದ್ದೆ. ಬಾಕಿ ಇದ್ದದ್ದು ಹಾರ ಒಂದೇ. ಅದನ್ನು ಸುಶೀಲವ್ವ ಚಿಕ್ಕೇರೂರಿನಿಂದ ತಂದಿದ್ದಳು.

ಕೊರಳಿಗೆ ತಂಪು ಹೂವು ಬಿದ್ದಾಗ ಎಚ್ಚರಾಯಿತು. ಕಣ್ಣು ತೆರೆಯಬೇಕೆನ್ನುವಷ್ಟರಲ್ಲಿ ಆಕೆ ನನ್ನ ಕಾಲ ಬಳಿ ಕುಳಿತು ಹಾಡಿಕೊಂಡು ಅಳಲಾರಂಭಿಸಿದಳು. “ನನ್ನಕ್ಕಾ... ಬಾಯಿ ಬಿರುಸಿನಾಕಿ, ಕರಳ ಬೆಣ್ಣಿಯಂಥಾಕಿ... ಜ್ವರ ಬಂದ ನನ್ನ ಬೆನ್ನಿಗಿ ಕಟಗೊಂಡು ಹಳ್ಳಾ ದಾಟಿದಾಕೀ...” ಮಾನ್ಯರೇ, ಸತ್ಯ ಹೇಳುತ್ತೇನೆ, ನಾನು ಕಣ್ಣು ತೆರೆಯಲಿಲ್ಲ. ಬದುಕಿರುವಾಗ ಇಷ್ಟು ಚಂದ ಯಾರು ಹೊಗಳುತ್ತಾರೆ? ಇನ್ನೆರಡು ನುಡಿ ಕೇಳೋಣವೆಂದು ಉಸಿರು ಬಿಗಿ ಹಿಡಿದಿದ್ದೆ. ಅಷ್ಟರಲ್ಲಿ ಆಕೆ, “ನನ್ನ ಹೋಳಿಗಿ ಹೊಗಳಿ ಹೊಗಳಿ ಉಂಡಾಕೀ...” ಎಂದು ರಾಗ ಎಳೆದಳು.

ನಿಜವಾಗಿ ಸತ್ತಿದ್ದರೂ ಸುಮ್ಮನಿರುವುದು ಸಾಧ್ಯವಿರಲಿಲ್ಲ. “ನಾ ಯಾವಾಗ ಹೊಗಳಿದ್ನೇ?” ಅಂದುಬಿಟ್ಟೆ.

ಆಕೆ ಕಿರುಚಿ ಹಿಂದಕ್ಕೆ ಬಿದ್ದಳು. ಎದ್ದ ಮೇಲೆ ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ನಿನ್ನ ಬಾಯಿಗಿಷ್ಟು ಬೆಂಕಿ ಹಾಕ! ಸತ್ತಂಗ ಚಿತ್ರ ತೆಗಸಿ, ಈಬತ್ತಿ ಬಡಕೊಂಡು ಕುಂತು, ನನ್ನ ಕರಸಿ ಅಳಸತಿ ಏನ? ಇನ್ನ ನೀ ಖರೇ ಖರೇ ಸತ್ತರೂ ನಾ ಬರಾಂಗಿಲ್ಲ, ತಿಳಕೋ!” ನನ್ನ ಕೊರಳಿನ ಹಾರ ತೆಗೆದು ನಮ್ಮ ಎಮ್ಮೆಯ ಕೊಂಬಿಗೆ ಹಾಕಿ, ಒಂದು ತಂಬಿಗೆ ನೀರನ್ನೂ ಮುಟ್ಟದೆ ಬಸ್ಸಿಗೆ ಹೋದಳು.

ಈಗ ತಮ್ಮ ಪೆನ್ಸಿಲ್ಲಿನ ಪ್ರತಾಪ ನೋಡಿ. ಮಾತು ಬಿಟ್ಟದ್ದು ದೊಡ್ಡದಲ್ಲ. ಅಕ್ಕತಂಗಿಯರೆಂದ ಮೇಲೆ ಅಷ್ಟಾದರೂ ಇರಬೇಕು. ಎಂಥ ಹಗೆಯಿದ್ದರೂ ಮಣ್ಣಿಗೆ ಬಂದೇ ಬರುತ್ತಾರೆಂಬ ಧೈರ್ಯದ ಮೇಲೆಯೇ ನಮ್ಮ ಕಡೆಯವರು ಇಷ್ಟು ನಿಶ್ಚಿಂತೆಯಿಂದ ಜಗಳಾಡುವುದು. ಆ ಧೈರ್ಯವನ್ನೇ ತಾವು ರಬ್ಬರಿನಿಂದ ಒರೆಸಿಬಿಟ್ಟಿರಿ. ಅವಳು ಬಾರದ ಮಣ್ಣಿಗೆ ನಾನು ಯಾವ ಮುಖ ಹೊತ್ತು ಹೋಗಲಿ?

ಆದ್ದರಿಂದ ತಾವು ದಯಮಾಡಿ, “ಆ ಚಿತ್ರದಲ್ಲಿ ಮಾದೇವಿಯ ಪಿತೂರಿ ಏನೂ ಇಲ್ಲ, ‘ಚಿರ’ ನನ್ನ ಸ್ವಂತ ದಡ್ಡತನ” ಎಂದು ಅದೇ ಮೊಬೈಲಿನಲ್ಲಿ ಎಲ್ಲರೂ ಕಾಣುವಂತೆ ಬರೆಯಬೇಕು. ಆಮೇಲೆ ನನ್ನ ಬಾಯಿ ತೆರೆದು, ದನಿ ಹಿರೇಕೆರೂರಿನ ತನಕ ಕೇಳಿಸುವಂತೆ ಹೊಸ ಚಿತ್ರ ಬರೆಯಬೇಕು. ಗೊಟಗೋಡಿಯ ಶಿಲ್ಪದ ತೋಟದ ಸಿಮೆಂಟಿನ ಗೊಂಬೆಗಳೇ ಈಗ ಮಾತಾಡುತ್ತವೇನೋ ಎನ್ನುವಂತಿವೆ. ಪೆನ್ಸಿಲ್ಲಿಗೆ ಅದೇನು ಕಷ್ಟ?

ಇನ್ನೊಂದು ಕೆಲಸವಿದೆ. ತಾವು ಚಿಕ್ಕೇರೂರಿಗೆ ಹೋಗಿ ಸುಶೀಲವ್ವನನ್ನು ಬರೆಯಿರಿ. ಹಾಳೆಯ ಎಡಗಡೆ ಅರ್ಧ ಖಾಲಿ ಬಿಡಿ. ಕೇಳಿದರೆ ಅಲ್ಲಿ ಗಿಡ ಬರುತ್ತದೆ ಅನ್ನಿ, ಗೊತ್ತಿದ್ದರೂ ನಂಬಿದಂತೆ ಕೂತಾಳು. ಆಮೇಲೆ ಅದೇ ಹಾಳೆ ಹಿಡಿದು ನಮ್ಮ ಕಟ್ಟೆಗೆ ಬನ್ನಿ, ನಾನು ಕೂರುತ್ತೇನೆ. ಕಾಗದದಲ್ಲಿ ಭುಜಕ್ಕೆ ಭುಜ ತಾಗಿದರೆ ಆಕೆ ಎದ್ದು ಬಸ್ಸಿಗೆ ಹೋಗುವಂತಿಲ್ಲ. ಕೆಳಗೆ ಮಾತ್ರ, ತಮ್ಮ ಪಾದಕ್ಕೆ ಬೀಳುತ್ತೇನೆ, ಒಂದಕ್ಷರವನ್ನೂ ಬರೆಯಬೇಡಿ.

ತಮ್ಮ ಕಲೆಯಿಂದ ಒಮ್ಮೆ ಸತ್ತು ಅನುಭವವಿರುವ,
ತಮ್ಮ ವಿಶ್ವಾಸಿ,
ಮಾದೇವಿ

ತಾ.ಕ.: ಸುಶೀಲವ್ವನಿಗೆ ಓದಲು ಬಾರದು, ಚಿಕ್ಕೇರೂರಿನಲ್ಲಿ ಯಾರಾದರೊಬ್ಬರು ಇದನ್ನು ಆಕೆಗೆ ಓದಿ ಹೇಳಿಯೇ ಹೇಳುತ್ತಾರೆ. ಅವರು ಇಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಕು. ಹಿರಿಯಳು ನಾನು, ಹೋಗುವ ಪಾಳಿ ಮೊದಲು ನನ್ನದು. ಆಕೆ ಎಲ್ಲದರಲ್ಲೂ ಮುಂದೆ ನುಗ್ಗುವವಳು. ನನಗೆ ಆಕೆಯಷ್ಟು ಚಂದ ಹಾಡಿ ಅಳಲು ಬರುವುದಿಲ್ಲ. ಬಾಯಿ ತೆರೆದರೆ ಬೈಗುಳವೇ ಬರುತ್ತದೆ, ಹೆಣದ ಮುಂದೆ ಅದು ಶೋಭಿಸುವುದಿಲ್ಲ. ಬಿ.ಪಿ. ಗುಳಿಗೆಯನ್ನು ಆಕೆ ಸೆರಗಿನಲ್ಲಿ ಕಟ್ಟಿಟ್ಟು ಮರೆಯುತ್ತಾಳೆ. ಎದುರು ನಿಂತು ನುಂಗಿಸಿರಿ.